ಗುರುತಿಲ್ಲದ ಪೊಟ್ಟಣ

ಲಾಂಡ್ರಿ ಅಂಗಡಿಯವರ ಮನೆಯಲ್ಲಿ ಹುಟ್ಟಿದವರಿಗೆ ಗುಟ್ಟು ಬಚ್ಚಿಡಲು ಜೇಬಿಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎಂಬುದು ಗೊತ್ತಿರಬೇಕು. ಕಡ್ಡಿಗೂ ಗೊತ್ತಿತ್ತು. ಆದರೂ ಮರೆತಳು.

ಕಡ್ಡಿ ಆ ಮನೆಯ ಒಬ್ಬಳೇ ಮಗಳು, ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದಳು. ಹುಟ್ಟಿದಾಗ ಕಡ್ಡಿಯಷ್ಟು ಸಣಕಲಿದ್ದಳೆಂದು ಅಜ್ಜಿ ಇಟ್ಟ ಹೆಸರು ಅದು. ಬೆಳೆದ ಮೇಲೆ ಕಡ್ಡಿ ಮುರಿದ ಹಾಗೆ ಮಾತಾಡುವ ಅಭ್ಯಾಸವಾಗಿ, ಹೆಸರಿಗೆ ಎರಡನೆಯ ಕಾರಣವೂ ಸಿಕ್ಕಿತು. ಅಪ್ಪ ಇಸ್ತ್ರಿ ಹಾಕುತ್ತಿದ್ದ. ಅಜ್ಜಿ ಕಿಟಕಿಯ ಹತ್ತಿರ ಕೂತು ಕಿತ್ತುಹೋದ ಗುಂಡಿಗಳನ್ನು ಹೊಲಿಯುತ್ತಿದ್ದಳು. ಬಟ್ಟೆ ತೆಗೆದುಕೊಳ್ಳುವುದು, ವಿಂಗಡಿಸುವುದು, ಗುರುತು ಹಾಕುವುದು, ಗಿರಾಕಿಗಳ ಹತ್ತಿರ ನಗುತ್ತ ಮಾತಾಡುವುದು ಎಲ್ಲ ಅಮ್ಮನ ಕೆಲಸ. ಬೀದಿಯವರೆಲ್ಲ ಅವಳನ್ನು ಅಂಗಡಿಯಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿಯ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ವರ್ಷವಿಡೀ ಹಬೆ.

ಆ ಅಂಗಡಿಗೆ ಒಂದು ಕಾನೂನಿತ್ತು. ಕಡ್ಡಿಯ ಅಜ್ಜ ಮಾಡಿಟ್ಟು ಹೋದದ್ದು. ಬಟ್ಟೆಯ ಜೇಬಿನಲ್ಲಿ ಏನೇ ಸಿಗಲಿ, ಅದನ್ನು ಕಂದು ಕಾಗದದ ಪೊಟ್ಟಣದಲ್ಲಿ ಮಡಿಸಿ, ಮೇಲೆ ಗಿರಾಕಿಯ ನಂಬರು ಬರೆದು, ಒಗೆದ ಬಟ್ಟೆಗೇ ಪಿನ್ನಿನಿಂದ ಚುಚ್ಚಿ ವಾಪಸು ಕಳಿಸಬೇಕು. ಕೇಳಬಾರದು, ನಗಬಾರದು, ಇನ್ನೊಬ್ಬರಿಗೆ ಹೇಳಬಾರದು. ‘ಜೇಬಿನದ್ದು ಬಾಯಿಗೆ ಬರಬಾರದು’ ಎನ್ನುತ್ತಿದ್ದ ಅಜ್ಜ. ಒಮ್ಮೆ ಒಬ್ಬ ದೊಡ್ಡ ಮನುಷ್ಯನ ಕೋಟಿನಲ್ಲಿ ಸಿಕ್ಕ ಒಂಟಿ ಕಿವಿಯೋಲೆಯನ್ನು ಹೀಗೇ ಚುಚ್ಚಿ ಕಳಿಸಿ, ಅದು ಅವನ ಹೆಂಡತಿಯ ಕೈಗೆ ಸಿಕ್ಕಿ, ಅಲ್ಲಿ ದೊಡ್ಡ ರಾಮಾಯಣವೇ ಆಯಿತು. ಆದರೂ ಆ ದೊಡ್ಡ ಮನುಷ್ಯ ಅಂಗಡಿ ಬಿಡಲಿಲ್ಲ. ಹೆಂಡತಿಯಂತೂ ತನ್ನ ತವರಿನವರ ಬಟ್ಟೆಯನ್ನೂ ಅಲ್ಲಿಗೇ ಕಳಿಸತೊಡಗಿದಳು.

ಆ ದಿನ ಗಿರಾಕಿಗಳ ಬಟ್ಟೆಯೆಲ್ಲ ಮುಗಿದು, ಮನೆಯ ಬಟ್ಟೆ ಮೇಜಿಗೆ ಬಂದಿತ್ತು. ಮಗಳ ಶಾಲೆಯ ಬೂದು ಪ್ಯಾಂಟಿನ ಜೇಬಿಗೆ ಅಂಗಡಿಯಮ್ಮ ಕೈ ಹಾಕಿದಳು. ಬೆರಳಿಗೆ ಪುಟ್ಟ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಚಿಟಿಕೆಯಷ್ಟು ಒಣಗಿದ ಸೊಪ್ಪು, ಸಿಗರೇಟು ಸುತ್ತುವ ತೆಳ್ಳನೆಯ ಕಾಗದ. ಅದು ಗಾಂಜಾ ಎಂದು ತಿಳಿಯದಷ್ಟು ಅವಳು ಹಸುಗೂಸಲ್ಲ. ಗಿರಾಕಿಗಳ ಜೇಬುಗಳು ಅವಳಿಗೆ ಬೇಕಾದ್ದು ಬೇಡದ್ದು ಎಲ್ಲ ಕಲಿಸಿದ್ದವು.

ಕೂಗಬೇಕೆನಿಸಿತು. ಪಕ್ಕದಲ್ಲಿ ಗಂಡ ಇಸ್ತ್ರಿ ಹಿಡಿದು ನಿಂತಿದ್ದ, ಎದುರಿಗೆ ಗಿರಾಕಿಯೊಬ್ಬಳು ಪರದೆ ಬಟ್ಟೆಯ ಕಲೆ ತೋರಿಸುತ್ತಿದ್ದಳು. ಅಂಗಡಿಯಮ್ಮ ಗಿರಾಕಿಗೆ ‘ಹೋಗುತ್ತೆ, ಹೋಗುತ್ತೆ’ ಎನ್ನುತ್ತಲೇ ಕಂದು ಕಾಗದ ಹರಿದು ಪೊಟ್ಟಣ ಮಡಿಸಿದಳು. ನಂಬರು ಬರೆಯಲು ಪೆನ್ನು ಎತ್ತಿದಳು. ಮನೆಯ ಬಟ್ಟೆಗೆ ನಂಬರಿರಲಿಲ್ಲ. ಪೆನ್ನು ಕೆಳಗಿಟ್ಟಳು.

ಸಂಜೆ ಒಗೆದು ಇಸ್ತ್ರಿ ಮಾಡಿದ ಪ್ಯಾಂಟು ಕಡ್ಡಿಯ ಹಾಸಿಗೆಯ ಮೇಲೆ ಕೂತಿತ್ತು. ಸೊಂಟದ ಪಟ್ಟಿಗೆ ಪೊಟ್ಟಣ ಚುಚ್ಚಿತ್ತು. ನೋಡಲಿ, ನೋಡಿ ನಾಚಿಕೆಯಾಗಲಿ, ತಾನಾಗಿ ಬಂದು ಹೇಳಲಿ ಎಂದು ತಾಯಿ ಲೆಕ್ಕ ಹಾಕಿದ್ದಳು. ಹೊತ್ತು ಹೊತ್ತಿಗೆ ಬಾಯಿ ಬಿಟ್ಟು ಬೈಯುವ ಹೆಂಗಸು ಇದೊಂದು ವಿಷಯಕ್ಕೆ ಮಾತ್ರ ಯಾಕೆ ಹೀಗೆ ಮಾಡಿದಳೋ. ಬೈಯಲು ಮೊದಲು ಆ ಪದವನ್ನು ಮನೆಯೊಳಗೆ ಉಚ್ಚರಿಸಬೇಕಿತ್ತು, ಅದಕ್ಕೆ ಹೆದರಿದಳು ಎಂದೇ ನನಗೆ ತೋರುತ್ತದೆ.

ಕಡ್ಡಿ ಪೊಟ್ಟಣ ನೋಡಿದಳು. ಊಟಕ್ಕೆ ಕರೆದಾಗ ಇವತ್ತು ನನ್ನ ಕಥೆ ಮುಗಿಯಿತು ಎಂದುಕೊಂಡು ಬಂದು ಕೂತಳು.

“ಬೇಯಿಸಿದ ಮೊಟ್ಟೆ ಒಂದೇ ಸಾಕಾ?” ಎಂದಳು ಅಮ್ಮ.

“ಸಾಕು.”

“ಇನ್ನೇನಾದ್ರೂ ಬೇಕಾ?”

“ಬೇಡ.”

“ಹೇಳೋದೇನಾದ್ರೂ ಇದ್ರೆ ಹೇಳು.”

“ಏನಿದೆ ಹೇಳೋಕೆ?”

ಅಪ್ಪ ಬ್ರೆಡ್ಡಿನ ಅಂಚು ಕಿತ್ತು ಅಜ್ಜಿಯ ತಟ್ಟೆಗೆ ಮೆತ್ತಗಿನ ಭಾಗ ಹಾಕುತ್ತಿದ್ದ. “ಏನು, ಅಮ್ಮ ಮಗಳು ಒಳ್ಳೇ ಕೋರ್ಟಲ್ಲಿ ಮಾತಾಡಿದ ಹಾಗೆ ಮಾತಾಡ್ತಿದ್ದೀರಿ” ಎಂದ.

“ನೀವು ಊಟ ಮಾಡ್ರೀ” ಎಂದಳು ಅಂಗಡಿಯಮ್ಮ.

ಅಷ್ಟಕ್ಕೇ ಮುಗಿಯಿತು. ತಾಯಿ ಮಗಳ ಬಾಯಿ ಕಾದಳು, ಮಗಳು ತಾಯಿಯ ಬಾಯಿ ಕಾದಳು. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಪಾತ್ರೆ ಯಾರು ತೊಳೆಯಬೇಕು ಎಂದು ಜಗಳವಾಯಿತು, ಸ್ನಾನದ ಮನೆಯ ದೀಪ ಆರಿಸಲಿಲ್ಲವೆಂದು ಜಗಳವಾಯಿತು. ಕಡ್ಡಿ ತಡವಾಗಿ ಬಂದರೆ ಅಮ್ಮ ಅವಳ ಹತ್ತಿರ ಬಂದು, ಕೂದಲಿನ ಸಿಕ್ಕು ಬಿಡಿಸುವ ನೆಪದಲ್ಲಿ ಮೂಸಿ ನೋಡುತ್ತಿದ್ದಳು. ಮೂಸುವುದು ಕಡ್ಡಿಗೆ ತಿಳಿಯುತ್ತಿತ್ತು.

“ಏನು ವಾಸನೆ ಬರ್ತಿದೆಯಾ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

“ಬೆವರು ವಾಸನೆ. ಹೋಗಿ ತಲೆ ಸ್ನಾನ ಮಾಡು.”

ಮೂರನೆಯ ವಾರ ಅದೇ ಪ್ಯಾಂಟಿನಲ್ಲಿ ಮತ್ತೆ ಚೀಲ ಸಿಕ್ಕಿತು. ಈ ಸಲ ಜೇಬಿನ ಬಾಯಲ್ಲೇ ಇತ್ತು, ಕೈ ಹಾಕದೆಯೇ ಕಾಣುವ ಹಾಗೆ. ಅಂಗಡಿಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ನನಗೇ ಸವಾಲು ಹಾಕುತ್ತಾಳೆಯೇ ಇವಳು ಎಂದುಕೊಂಡಳು. ಅದೇ ಸಿಟ್ಟಿನಲ್ಲಿ ಪೊಟ್ಟಣ ಮಡಿಸಿ, ಒಂದರ ಬದಲು ಎರಡು ಪಿನ್ನು ಚುಚ್ಚಿ, ಇಸ್ತ್ರಿಯಾದ ಪ್ಯಾಂಟನ್ನು ಮನೆಯ ಬಟ್ಟೆಯ ಹಲಗೆಯ ಮೇಲಿಟ್ಟು ಅಡುಗೆಗೆ ಹೋದಳು.

ಅಜ್ಜಿಗೆ ಗುಂಡಿ ಹೊಲಿಯುವಾಗ ಬಟ್ಟೆ ಹಿಡಿದಿಡಲು ಪಿನ್ನು ಬೇಕಾಯಿತು. ಒಂದು ಪುಟ್ಟ ಪೊಟ್ಟಣಕ್ಕೆ ಎರಡು ಪಿನ್ನು ಚುಚ್ಚಿದ್ದು ಕಂಡು ಸೊಸೆಯ ದುಂದುಗಾರಿಕೆಗೆ ಗೊಣಗಿ, ಒಂದನ್ನು ಕಿತ್ತುಕೊಂಡಳು. ಉಳಿದ ಇನ್ನೊಂದು ಸಡಿಲವಾಗಿತ್ತು. ಪೊಟ್ಟಣ ಪಿನ್ನಿನ ಸಮೇತ ಜಾರಿ ಮೇಜಿನ ಕೆಳಗೆ ಬಿತ್ತು.

ಅದನ್ನು ಎತ್ತಿದವನು ಅಪ್ಪ. ಆ ಅಂಗಡಿಯಲ್ಲಿ ನೆಲದ ಮೇಲೆ ಬಿಡಿ ಪೊಟ್ಟಣ ಬಿದ್ದಿರುವುದೆಂದರೆ ಮರ್ಯಾದಸ್ಥರು ಬೀದಿಯಲ್ಲಿ ಜಾರಿ ಬಿದ್ದಂತೆ. ನಂಬರೂ ಇಲ್ಲ. ಹೆಂಡತಿ ಬರೆಯಲು ಮರೆತಿದ್ದಾಳೆ ಎಂದುಕೊಂಡ. ಬಿಚ್ಚಿ ನೋಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಪಿನ್ನಿಗೆ ಬೂದು ನೂಲಿನ ಎಳೆ ಅಂಟಿಕೊಂಡಿತ್ತು. ಅವತ್ತು ಮೇಜಿನ ಮೇಲೆ ಕಟ್ಟಿಡಲು ಕಾದಿದ್ದ ಗಂಟಿನಲ್ಲಿ ಬೂದು ಪ್ಯಾಂಟು ಇದ್ದದ್ದು ಒಂದೇ, ಎದುರು ಮಹಡಿಯ ಮೇಷ್ಟ್ರ ಮಗನದು. ಮನೆಯ ಹಲಗೆಯ ಕಡೆ ಅವನು ತಿರುಗಿಯೂ ನೋಡಲಿಲ್ಲ, ಏಕೆಂದರೆ ಮನೆಯವರ ಜೇಬಿಗೆ ಪೊಟ್ಟಣ ಮಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ನೀಟಾಗಿ ಚುಚ್ಚಿ, ಗಂಟು ಕಟ್ಟಿ ಕಳಿಸಿದ.

ಮೇಷ್ಟ್ರು ಕಡ್ಡಿಯ ಶಾಲೆಯಲ್ಲೇ ಲೆಕ್ಕ ಕಲಿಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅಡುಗೆಯನ್ನೂ ತಾವೇ ಮಾಡಿ ಮಗನನ್ನು ಬೆಳೆಸಿದವರು. ಶಾಲೆಯ ಹಾಸ್ಟೆಲಿನ ಹಾಸುಹೊದಿಕೆ ಒಗೆಯುವ ಕೆಲಸವನ್ನು ಈ ಅಂಗಡಿಗೆ ಕೊಡಿಸಿದವರೂ ಅವರೇ. ಮಗ ಕಡ್ಡಿಯ ತರಗತಿಯವನು. ಕೂದಲು ಒತ್ತಿ ಬಾಚಿ, ಎಲ್ಲರಿಗಿಂತ ಮೊದಲು ಕೈ ಎತ್ತುವ ಹುಡುಗ. ತರಗತಿಯವರು ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದರು. ಕಡ್ಡಿಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೇ.

ಮರುದಿನ ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ಗಿರಾಕಿಗಳು ಹೋಗುವವರೆಗೆ ಗೋಡೆಗೆ ಒರಗಿ ನಿಂತಿದ್ದು, ಆಮೇಲೆ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

“ಇದು ನನ್ನ ಮಗನ ಜೇಬಲ್ಲೇ ಸಿಕ್ಕಿದ್ದಾ?”

“ನಾನೇ ಚುಚ್ಚಿದ್ದು ಮೇಷ್ಟ್ರೇ” ಎಂದ ಅಪ್ಪ. “ಯಾಕೆ, ಏನಾದ್ರೂ ಕಮ್ಮಿ ಇದೆಯಾ?”

“ಕಮ್ಮಿ ಏನಿಲ್ಲ.” ಮೇಷ್ಟ್ರು ಪೊಟ್ಟಣ ಬಿಚ್ಚಿ ತೋರಿಸಿದರು. “ಗಾಂಜಾ. ಅವನು ತನ್ನದಲ್ಲ ಅಂತ ಆಣೆ ಹಾಕ್ತಾನೆ. ಬೇರೆಯವರದ್ದು ಇದಕ್ಕೆ ಬಂದಿರಬಹುದಾ? ನಂಬರ್ ಬೇರೆ ಇಲ್ಲ ಇದರ ಮೇಲೆ.”

ಅಪ್ಪನ ಮುಖ ಕೆಂಪಾಯಿತು. “ನಂಬರ್ ಬರೆಯೋಕೆ ಮರೆತಿರಬಹುದು, ಅದು ನಮ್ಮ ತಪ್ಪೇ. ಆದ್ರೆ ಒಬ್ಬರದ್ದು ಇನ್ನೊಬ್ಬರಿಗೆ ಹೋಗೋದು ನಮ್ಮಪ್ಪನ ಕಾಲದಿಂದ ಆಗಿಲ್ಲ ಮೇಷ್ಟ್ರೇ. ಬೇಕಾದ್ರೆ ಇವಳನ್ನ ಕೇಳಿ.”

ಅಂಗಡಿಯಮ್ಮ ದಿಂಬಿನ ಚೀಲಗಳನ್ನು ಜೋಡಿಸುತ್ತ ನಿಂತಿದ್ದಳು. ಮಡಿಕೆ ತನ್ನದೇ ಎಂದು ದೂರದಿಂದಲೇ ಗೊತ್ತಾಗಿತ್ತು. ಆಗ ಅವಳು ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು, ಮೇಷ್ಟ್ರು ಆ ಮಾತಿಗಾಗಿಯೇ ಅವಳ ಮುಖ ನೋಡುತ್ತಿದ್ದರು.

“ಇವರು ಹೇಳಿದ ಹಾಗೇ ಮೇಷ್ಟ್ರೇ” ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. “ಸರಿ. ನೀವು ಮುಚ್ಚಿಡದೆ ಕಳಿಸಿದ್ದೇ ದೊಡ್ಡ ಉಪಕಾರ. ಬೇರೆ ಯಾರಾಗಿದ್ರೂ ಬಿಸಾಕಿ ಸುಮ್ಮನಾಗ್ತಿದ್ರು” ಎಂದು ಹೇಳಿ ಹೊರಟುಹೋದರು.

ಕಡ್ಡಿ ಆ ದಿನಗಳಲ್ಲಿ ಬೇರೆಯೇ ಲೋಕದಲ್ಲಿದ್ದಳು. ಪ್ಯಾಂಟು ಬಂದಿತ್ತು, ಪೊಟ್ಟಣ ಬಂದಿರಲಿಲ್ಲ. ಈ ಸಲ ಅಮ್ಮ ಇಟ್ಟುಕೊಂಡಿದ್ದಾಳೆ, ಹಾಗಾದರೆ ಬೈಯುತ್ತಾಳೆ ಎಂದು ಕಾದಳು. ಹೆದರಿಕೆಯ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಆಗಿತ್ತು. ಬೆಣ್ಣೆ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಒಂದು ಕೆನ್ನೆ ಊದಿಸಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತ. ಲಾಂಡ್ರಿಯಿಂದ ಬಂದ ಪ್ಯಾಂಟಿನಲ್ಲಿ ಮಾಲು ಸಿಕ್ಕಿತಂತೆ, ಮೇಷ್ಟ್ರು ಮೊದಲ ಸಲ ಮಗನ ಮೇಲೆ ಕೈ ಮಾಡಿದರಂತೆ, ಭಾನುವಾರ ಅವನನ್ನು ದೂರದ ಊರಿನ ಯಾವುದೋ ತಿದ್ದುವ ಶಾಲೆಗೆ ಬಿಡುತ್ತಾರಂತೆ ಎಂದು ಹುಡುಗರು ನಗುತ್ತಿದ್ದರು. ಅಲ್ಲಿ ಸೇರಿದವರಿಗೆ ಆ ವರ್ಷದ ಪರೀಕ್ಷೆ ಇಲ್ಲ. ತಿಂಗಳುಗಟ್ಟಲೆ ಮನೆಯವರ ಮುಖವನ್ನೂ ತೋರಿಸುವುದಿಲ್ಲ. ತನ್ನ ಪೊಟ್ಟಣ ಎಲ್ಲಿಗೆ ಹೋಯಿತೆಂದು ಕಡ್ಡಿಗೆ ಆಗ ಹೊಳೆಯಿತು.

ಸಂಜೆ ಎಲ್ಲರೂ ಸೂಪು ಕುಡಿಯುತ್ತ ಕೂತಿದ್ದಾಗ ಅವಳು ಚಮಚ ಕೆಳಗಿಟ್ಟಳು.

“ಬೆಣ್ಣೆ ಪ್ಯಾಂಟಿಗೆ ಚುಚ್ಚಿ ಕಳಿಸಿದ್ರಲ್ಲ, ಅದು ನನ್ನದು.”

“ಏನು ನಿನ್ನದು?” ಎಂದ ಅಪ್ಪ.

“ಸೊಪ್ಪು.”

“ಸೊಪ್ಪಾ?” ಎಂದಳು ಅಜ್ಜಿ. “ಸೊಪ್ಪು ತಿಂದ್ರೆ ರಕ್ತ ಆಗುತ್ತೆ. ಅದಕ್ಕೆ ಯಾಕೆ ಮುಖ ಹಿಂಡ್ತೀಯ?”

“ತಿನ್ನೋ ಸೊಪ್ಪಲ್ಲ ಅಜ್ಜಿ. ಸೇದೋದು. ಗಾಂಜಾ. ನನ್ನ ಪ್ಯಾಂಟಲ್ಲಿತ್ತು. ಅಮ್ಮನಿಗೆ ಗೊತ್ತು.”

ಅಪ್ಪ ಹೆಂಡತಿಯ ಕಡೆ ನೋಡಿದ. ಅವಳು ಸೂಪಿನ ಬಟ್ಟಲು ನೋಡುತ್ತಿದ್ದಳು. ಆ ಮನೆಯಲ್ಲಿ ಇಂಥ ಸುದ್ದಿ ಸಿಡಿದಾಗ ತಂದೆಯಾದವನು ಎದ್ದು ಹೊಡೆಯಬಹುದಿತ್ತು, ಅಳಬಹುದಿತ್ತು, ಯಾವಾಗಿನಿಂದ ಎಂದು ಕೇಳಬಹುದಿತ್ತು. ಅವನು ಕೇಳಿದ್ದು ಬೇರೆಯೇ.

“ಹಾಗಾದ್ರೆ ನಾನು ತಪ್ಪು ಬಟ್ಟೆಗೆ ಚುಚ್ಚಿದ್ನಾ?”

“ಹೌದು ಅಪ್ಪ.”

“ನಾನು? ಮೇಷ್ಟ್ರ ಎದುರಿಗೆ ಅಷ್ಟು ಹೇಳಿದ್ನಲ್ಲ.”

“ನಿಮಗೆ ಗೊತ್ತಿರಲಿಲ್ಲ ಬಿಡಿ” ಎಂದಳು ಅಂಗಡಿಯಮ್ಮ.

“ನಿನಗೆ ಗೊತ್ತಿತ್ತಲ್ಲ! ನನ್ನ ಪಕ್ಕದಲ್ಲೇ ನಿಂತಿದ್ದೆಯಲ್ಲ!”

“ನಿಮ್ಮ ಬಾಯಿಂದ ಅಪ್ಪನ ಕಾಲ ಅಜ್ಜನ ಕಾಲ ಎಲ್ಲ ಬಂದಾಗಿತ್ತು. ಆಮೇಲೆ ನಾನು ಇಲ್ಲ ಅಂದ್ರೆ ನಿಮ್ಮ ಮುಖ ಎಲ್ಲಿಡ್ತಿದ್ರಿ?”

“ಈಗ ಹೇಳಿ” ಎಂದಳು ಕಡ್ಡಿ. “ಈಗಲೂ ಹೇಳಬಹುದು. ಭಾನುವಾರ ಅವನನ್ನ ಕಳಿಸಿಬಿಡ್ತಾರೆ. ಇಲ್ಲಾಂದ್ರೆ ನಾನೇ ಹೋಗ್ತೀನಿ.”

“ಹೋಗಿ? ಶಾಲೆಯಿಂದ ಓಡಿಸ್ತಾರೆ ನಿನ್ನ. ಪರೀಕ್ಷೆ ತಲೆ ಮೇಲಿದೆ. ಹಾಸ್ಟೆಲ್ ಬಟ್ಟೆ ಯಾರು ಕೊಡಿಸಿದ್ದು ಗೊತ್ತಾ? ಅದೂ ಹೋಗುತ್ತೆ.”

“ಅವನ ಪರೀಕ್ಷೆ ಹೋಗಲ್ವಾ?”

“ಅವನು ಗಂಡು ಹುಡುಗ ಕಣೇ” ಎಂದಳು ಅಜ್ಜಿ ಮೆಲ್ಲಗೆ. ಅಷ್ಟು ಹೊತ್ತಿಗೆ ಅವಳಿಗೆ ವಿಷಯ ಪೂರ್ತಿ ಅರ್ಥವಾಗಿತ್ತು. “ಒಂದು ವರ್ಷ ಹೋದ್ರೆ ಇನ್ನೊಂದು ವರ್ಷ. ಅವನಿಗೆ ಯಾರೂ ಏನೂ ಅನ್ನಲ್ಲ. ನಿನ್ನ ಮೇಲೆ ಒಂದು ಮಾತು ಬಂದ್ರೆ ಸಾಯೋ ತನಕ ಹೋಗಲ್ಲ.”

“ಅವನು ಏನೂ ಮಾಡಿಲ್ಲ ಅಜ್ಜಿ.”

“ಏನೂ ಮಾಡದೆ ಇದ್ದೋರು ಬದುಕಿಕೊಳ್ತಾರೆ. ಮಾಡಿದೋರನ್ನ ನೋಡಿಕೊಳ್ಳಬೇಕಾಗಿರೋದು ನಾವು.”

ಅಪ್ಪ ಎದ್ದು ಕೈ ತೊಳೆಯಲು ಹೋಗಿ, ನಲ್ಲಿ ಬಿಟ್ಟುಕೊಂಡು ಹಾಗೇ ನಿಂತ. ಸೂಪು ಯಾರೂ ಮುಗಿಸಲಿಲ್ಲ. ಅಂಗಡಿಯಮ್ಮ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು, ಕೊನೆಗೆ ಹೇಳಿದಳು:

“ನೀನು ಹೋಗೋದು ಬೇಡ. ನಾನೇ ನಾಳೆ ಹೋಗಿ ಮಾತಾಡ್ತೀನಿ. ದೊಡ್ಡೋರು ದೊಡ್ಡೋರ ಹತ್ರ ಮಾತಾಡಿದ್ರೆ ಅದರ ತೂಕವೇ ಬೇರೆ.”

“ನಿಜವಾಗ್ಲೂ ಹೇಳ್ತೀಯ?”

“ಹೇಳ್ತೀನಿ ಅಂದ್ನಲ್ಲ.”

ಮರುದಿನ ಮೇಷ್ಟ್ರ ಅಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಯಮ್ಮ ಎದುರು ಮಹಡಿ ಹತ್ತಿದಳು. ಕಡ್ಡಿ ಅಂಗಡಿಯ ಬಾಗಿಲಲ್ಲಿ ನಿಂತು ಕಾದಳು. ಅಮ್ಮ ಇಳಿದು ಬಂದಾಗ ಮುಖ ಬಿಳಿಚಿತ್ತು, ಮೆಟ್ಟಿಲ ಕಂಬಿ ಬಿಡದೆ ಹಿಡಿದುಕೊಂಡು ಇಳಿದಳು.

“ಹೇಳಿದ್ಯಾ?”

“ಹೇಳಿದೆ.”

“ಏನಂದ್ರು?”

“ಕೇಳಿಸಿಕೊಂಡ್ರು. ನಿನ್ನ ಹೆಸರು ಹೊರಗೆ ಬಿಡಲ್ಲ ಅಂದ್ರು. ಆದ್ರೆ ಆ ಹುಡುಗನ್ನ ಕಳಿಸೋದು ಕಳಿಸೋದೇ ಅಂತೆ. ಅವನದ್ದು ಬೇರೆ ಏನೇನೋ ಇದೆಯಂತೆ, ಅದು ಅವರ ಮನೆ ವಿಚಾರ. ನಮ್ಮ ಕೈಲಾದ್ದು ನಾವು ಮಾಡಿದ್ವಿ. ಇನ್ನು ನೀನು ಅವರ ಎದುರಿಗೆ ಹೋಗಿ ಅವರನ್ನ ಮುಜುಗರ ಮಾಡಬೇಡ.”

ಕಡ್ಡಿ ಅಮ್ಮನನ್ನು ತಬ್ಬಿಕೊಂಡಳು. ಎಷ್ಟೋ ವರ್ಷವಾಗಿತ್ತು ಹಾಗೆ ಮಾಡಿ. ಅಂಗಡಿಯಮ್ಮ ಕೈ ಎತ್ತದೆ ಸುಮ್ಮನೆ ನಿಂತಿದ್ದಳು.

ಅವತ್ತು ಸಂಜೆ ಹಾಸ್ಟೆಲಿನ ಹಾಸುಗಳನ್ನು ಮಡಿಸಲು ಕಡ್ಡಿ ತಾನಾಗಿಯೇ ಬಂದಳು. ಒಂದು ತುದಿ ತಾಯಿ, ಇನ್ನೊಂದು ತುದಿ ಮಗಳು ಹಿಡಿದು, ಎಳೆದು, ಜಾಡಿಸಿ, ಹತ್ತಿರ ಬಂದು ತುದಿಗೆ ತುದಿ ಕೂಡಿಸುವ ಕೆಲಸ. ಆ ಮನೆಯ ಇಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರು ಮನಸ್ಸು ಬಿಚ್ಚಿ ಮಾತಾಡಿದ್ದು ಎಂದರೆ ಅವತ್ತು ಮಾತ್ರ.

“ಯಾವಾಗಿಂದ?” ಎಂದಳು ತಾಯಿ.

“ರಜದಲ್ಲಿ ಶುರುವಾಯ್ತು. ಹಳೇ ಈಜುಕೊಳದ ಹಿಂದೆ. ಹೋದ ವರ್ಷ ಶಾಲೆ ಮುಗಿಸಿದ ಹುಡುಗಿಯರು ಇದ್ರು.”

“ಬಲವಂತ ಮಾಡಿದ್ರಾ?”

“ಇಲ್ಲ. ನಾನೇ ಕೇಳಿದೆ.”

“ಯಾಕೆ?”

“ನಗು ಬರುತ್ತೆ ಅಮ್ಮ. ಏನೂ ಇಲ್ಲದೆ ನಗು ಬರುತ್ತೆ. ಮನೇಲಿ ನಗೋರು ಯಾರಿದ್ದಾರೆ? ಅಪ್ಪನಿಗೆ ಬೆನ್ನು ನೋವು, ನೀನು ಗಿರಾಕಿಗಳ ಹತ್ರ ನಗ್ತೀಯ, ಒಳಗೆ ಬಂದ ತಕ್ಷಣ ನಿನ್ನ ಮುಖ ಹೀಗಾಗುತ್ತೆ.” ಕಡ್ಡಿ ಮುಖ ಜೋಲು ಹಾಕಿ ತೋರಿಸಿದಳು. ತಾಯಿ ನಕ್ಕಳು. ತಡೆಯಲಾಗದೆ ಮತ್ತೊಮ್ಮೆ ನಕ್ಕಳು.

“ಮೊದಲನೇ ಸಲ ಚುಚ್ಚಿಟ್ಟಿದ್ದೆನಲ್ಲ, ಅದನ್ನೇನು ಮಾಡಿದೆ?”

“ಬಿಸಾಕಿದೆ ಅನ್ನಲಾ?”

“ನಿಜ ಹೇಳು.”

“ಸೇದಿದೆ. ನೀನೇ ವಾಪಸ್ ಕೊಟ್ಟೆಯಲ್ಲ ಅಂತ ಸಿಟ್ಟು ಬಂತು. ಎರಡನೇ ಸಲ ಬೇಕೂಂತಲೇ ಜೇಬಲ್ಲಿ ಬಿಟ್ಟೆ. ಈ ಸಲವಾದ್ರೂ ಬೈತೀಯೇನೋ ಅಂತ.”

ಅಂಗಡಿಯಮ್ಮನ ಕೈಯಿಂದ ಹಾಸಿನ ತುದಿ ಜಾರಿತು. ಬಗ್ಗಿ ಎತ್ತಿಕೊಂಡಳು, ಏಳಲು ಸ್ವಲ್ಪ ಹೊತ್ತು ಹಿಡಿಯಿತು.

“ನಿಲ್ಲಿಸ್ತೀಯಾ?”

“ನಿಲ್ಲಿಸ್ತೀನಿ ಅಂತ ಈಗಲೇ ಹೇಳಲ್ಲ. ಹೇಳಿ ತಪ್ಪಿದ್ರೆ? ಪ್ರಯತ್ನ ಮಾಡ್ತೀನಿ. ಸೇದಿದ್ರೆ ಬಂದು ಹೇಳ್ತೀನಿ. ನೀನು ಬೈ, ಆದ್ರೆ ಪೊಟ್ಟಣ ಮಾಡಬೇಡ.”

“ಆಯ್ತು ಬಿಡು” ಎಂದಳು ತಾಯಿ. ಆ ಹೊತ್ತಿನಲ್ಲಿ ಅವಳು ಮಗಳಿಗೆ ನಿಜ ಹೇಳಬಹುದಿತ್ತು. ಮೇಷ್ಟ್ರು ಬಾಗಿಲು ತೆಗೆದಾಗ ಏನಾಯಿತೆಂದು ಹೇಳಿ, ಇಬ್ಬರೂ ಕೂಡಿ ಮತ್ತೆ ಮಹಡಿ ಹತ್ತಬಹುದಿತ್ತು. ಭಾನುವಾರಕ್ಕೆ ಇನ್ನೂ ಹೊತ್ತಿತ್ತು. ಅವಳು ಮುಂದಿನ ಹಾಸು ಎತ್ತಿಕೊಂಡಳು.

ಭಾನುವಾರ ಬೆಳಿಗ್ಗೆ ಎದುರು ಮನೆಯ ಮುಂದೆ ಬಾಡಿಗೆ ಕಾರು ಬಂದು ನಿಂತಿತು. ಬೆಣ್ಣೆ ಸೂಟ್‌ಕೇಸ್ ಹಿಡಿದು ಫುಟ್‌ಪಾತಿನ ಮೇಲೆ ನಿಂತಿದ್ದ. ಕೂದಲು ಬಾಚಿರಲಿಲ್ಲ. ಮೇಷ್ಟ್ರು ಡ್ರೈವರನಿಗೆ ದಾರಿ ಹೇಳುತ್ತಿದ್ದರು. ಹೋಗಿ ಒಂದು ಮಾತು ಕ್ಷಮೆ ಕೇಳಿಕೊಂಡು ಬರೋಣ, ಮುಜುಗರವಾದರೂ ಆಗಲಿ ಎಂದು ಕಡ್ಡಿ ಬೀದಿ ದಾಟಿದಳು.

“ತಪ್ಪಾಯ್ತು” ಎಂದಳು. “ಅಮ್ಮ ಬಂದು ಹೇಳಿದ ಮೇಲೂ ಕಳಿಸ್ತಾರೆ ಅಂದ್ಕೊಂಡಿರಲಿಲ್ಲ.”

“ನಿಮ್ಮಮ್ಮ ಏನು ಹೇಳಿದ್ರು?” ಎಂದ ಬೆಣ್ಣೆ.

“ಅದು ನನ್ನದು ಅಂತ.”

ಅವನು ಅವಳನ್ನೇ ನೋಡಿದ. ಸೂಟ್‌ಕೇಸ್ ಕೆಳಗಿಟ್ಟ. “ನಿನ್ನದಾ?”

ಮೇಷ್ಟ್ರು ತಿರುಗಿದರು. ಕಡ್ಡಿ ಅವರಿಗೂ ಅದನ್ನೇ ಹೇಳಿದಳು, ಬಿಡಿಸಿ ಹೇಳಿದಳು, ಯಾವ ಪ್ಯಾಂಟು, ಯಾರು ಮಡಿಸಿದ್ದು, ಯಾಕೆ ನಂಬರಿರಲಿಲ್ಲ ಎಂದು. ಹೇಳುತ್ತ ಹೋದಂತೆ ಮೇಷ್ಟ್ರ ಮುಖ ಸಿಟ್ಟಾಗಲಿಲ್ಲ, ಮೃದುವಾಯಿತು. ಅದನ್ನು ಕಂಡು ಅವಳಿಗೆ ಹೆದರಿಕೆಯಾಯಿತು.

“ನಿಮ್ಮಮ್ಮ ಹೇಳಿದ್ರಮ್ಮ, ನೀನು ಹೀಗೆ ಬರಬಹುದು ಅಂತ. ಇವನ ಮೇಲೆ ನಿನಗೆ ಕನಿಕರ, ತಪ್ಪನ್ನ ತಾನೇ ಹೊತ್ಕೊಳ್ತೀನಿ ಅಂತ ಮನೇಲಿ ಹಟ ಮಾಡ್ತಿದ್ದಾಳೆ, ದಯವಿಟ್ಟು ನಂಬಬೇಡಿ ಅಂದ್ರು. ಕಣ್ಣಲ್ಲಿ ನೀರು ಹಾಕ್ಕೊಂಡ್ರು ಪಾಪ.”

“ಸುಳ್ಳು ಸಾರ್. ಅಮ್ಮ ಹೇಳಿದ್ದು ಸುಳ್ಳು.”

“ಹಾಗೆಲ್ಲ ಅನ್ನಬಾರದು. ನಿಮ್ಮ ಅಂಗಡೀಲಿ ಬಟ್ಟೆ ಕೊಟ್ಟು ಎಷ್ಟು ವರ್ಷ ಆಯ್ತು, ಒಂದು ಗುಂಡಿ ಅದಲು ಬದಲಾಗಿಲ್ಲ. ನಿನ್ನ ಮನಸ್ಸು ಒಳ್ಳೇದು ಮಗು. ಹೋಗು, ಓದಿಕೋ.”

ಬೆಣ್ಣೆ ಸೂಟ್‌ಕೇಸನ್ನು ಮತ್ತೆ ಎತ್ತಿಕೊಂಡ. “ಬಿಡು” ಎಂದ ಕಡ್ಡಿಗೆ. “ನಾನೂ ಒಂದು ವಾರದಿಂದ ನಿಜಾನೇ ಹೇಳ್ತಿದ್ದೀನಿ.” ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತು ಬಾಗಿಲು ಹಾಕಿಕೊಂಡ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕಡ್ಡಿ ನಿಂತಿದ್ದಳು.

ಮನೆಗೆ ಬಂದಾಗ ಮೂವರೂ ಕೆಲಸದಲ್ಲಿದ್ದರು. ರಜೆಯ ದಿನವೂ ಆ ಮನೆಯಲ್ಲಿ ಇಸ್ತ್ರಿ ಆರುತ್ತಿರಲಿಲ್ಲ.

“ಅಪ್ಪ, ಅಮ್ಮ ಹೇಳಿಲ್ಲ. ಹೋಗಿ ಉಲ್ಟಾ ಹೇಳಿ ಬಂದಿದ್ದಾಳೆ.”

ಅಪ್ಪ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಒತ್ತಿ ಹಿಡಿದ. “ಗೊತ್ತು” ಎಂದ.

“ಗೊತ್ತಾ?”

“ಇಬ್ಬರೂ ಮಾತಾಡಿಕೊಂಡೇ ಮಾಡಿದ್ದು. ಹಾಗೆ ಹೇಳು ಅಂತ ನಾನೇ ಅಂದೆ. ನಿನ್ನ ಬಾಯಿ ನಿಲ್ಲಲ್ಲ ಅಂತ ಗೊತ್ತಿತ್ತು.”

“ಎಲ್ಲ ನಿನಗೋಸ್ಕರ ಕಣೇ” ಎಂದಳು ಅಂಗಡಿಯಮ್ಮ. “ನಾಳೆ ನಿನಗೂ ಒಂದು ಮಗು ಆಗುತ್ತಲ್ಲ, ಆಗ ಗೊತ್ತಾಗುತ್ತೆ.”

ಅಜ್ಜಿ ಸೂಜಿಗೆ ನೂಲು ಪೋಣಿಸಲು ಹೋಗಿ, ಕಣ್ಣು ಕಾಣದೆ, ಮತ್ತೆ ಮತ್ತೆ ತಪ್ಪುತ್ತಿದ್ದಳು. ಅವಳಿಗೆ ನೂಲು ಪೋಣಿಸಿ ಕೊಡುವುದು ಕಡ್ಡಿಯ ಕೆಲಸ. ಕಡ್ಡಿ ಅಲ್ಲಿಂದ ಕದಲಲಿಲ್ಲ.

“ಹಾಸು ಮಡಿಸೋವಾಗ ನಾನು ಎಲ್ಲ ಹೇಳಿದೆ ಅಮ್ಮ. ಒಂದೂ ಮುಚ್ಚಿಡಲಿಲ್ಲ.”

“ಹೂಂ.”

“ಆಗ ನೀನು ಅಲ್ಲಿ ಹಾಗೆ ಹೇಳಿ ಬಂದಾಗಿತ್ತು.”

ಗಿರಾಕಿಯೊಬ್ಬರು ಬಂದರು. “ಬನ್ನಿ ಬನ್ನಿ” ಎಂದು ತಾಯಿ ನಗುತ್ತ ಅವರ ಕಡೆ ತಿರುಗಿದಳು.

ಅಲ್ಲಿಂದ ಮುಂದೆ ಕಡ್ಡಿ ಮನೆಯಲ್ಲಿ ಜಗಳವಾಡುವುದನ್ನು ಬಿಟ್ಟಳು. ಪಾತ್ರೆ ತೊಳೆ ಎಂದರೆ ತೊಳೆದಳು, ದೀಪ ಆರಿಸಿದಳು, ಹೊತ್ತಿಗೆ ಸರಿಯಾಗಿ ಬಂದಳು. ತನ್ನ ಬಟ್ಟೆಯನ್ನು ಸ್ನಾನದ ಮನೆಯಲ್ಲಿ ತಾನೇ ಒಗೆದುಕೊಂಡಳು. ಹುಡುಗಿ ದಾರಿಗೆ ಬಂದಳು ಎಂದು ಅಪ್ಪ ಒಂದೆರಡು ಸಲ ಅಂದ. ಅಜ್ಜಿ ಹೌದು ಎಂದಳು. ಅಂಗಡಿಯಮ್ಮ ಮಾತ್ರ ಏನೂ ಅನ್ನಲಿಲ್ಲ. ಪರೀಕ್ಷೆ ಚೆನ್ನಾಗಿಯೇ ಆಯಿತು. ಮೇಷ್ಟ್ರು ತಮ್ಮೊಬ್ಬರದೇ ಬಟ್ಟೆಯ ಸಣ್ಣ ಗಂಟು ತಂದಾಗ ಪರೀಕ್ಷೆಯ ವಿಷಯ ವಿಚಾರಿಸಿ, ಸಂತೋಷಪಟ್ಟು ಹೋದರು. ಮಗನ ವಿಚಾರ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಸಂಜೆ ಕಡ್ಡಿ ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಂಗಡಿಯಮ್ಮ ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು, ಮಗಳ ಎದುರಿಗೆ ಬಂದು ನಿಂತಳು. ಈ ಸಲ ಕೂದಲಿನ ನೆಪ ಮಾಡಲಿಲ್ಲ. ಎಷ್ಟೋ ದಿನದಿಂದ ಒಳಗೊಳಗೇ ಅಭ್ಯಾಸ ಮಾಡಿಕೊಂಡದ್ದನ್ನು ಬಾಯಿ ಬಿಟ್ಟು ಕೇಳಿದಳು.

“ಮತ್ತೆ ಸೇದಿದ್ಯಾ?”

ಕಡ್ಡಿ ಅಮ್ಮನ ಕಣ್ಣನ್ನೇ ನೋಡಿದಳು. ಮುಖದ ಮೇಲೆ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ.

“ಇಲ್ಲ ಅಮ್ಮ” ಎಂದಳು. “ಊಟಕ್ಕೆ ತಟ್ಟೆ ಇಡಲಾ?”

ಅದು ನಿಜ ಇದ್ದರೂ ಇರಬಹುದು. ಮಗಳು ಒಳಗೆ ಹೋಗಿ ತಟ್ಟೆಗಳನ್ನು ಜೋಡಿಸುವ ಸದ್ದು ಕೇಳುತ್ತ ತಾಯಿ ಅಲ್ಲೇ ನಿಂತಿದ್ದಳು. ನಿಜವೋ ಅಲ್ಲವೋ ಎಂದು ತಿಳಿದುಕೊಳ್ಳಲು ಅವಳಿಗೆ ಇನ್ನು ಯಾವ ದಾರಿಯೂ ಇರಲಿಲ್ಲ.